ಕಲ್ಲೆಳೆಯುವ ಎತ್ತಿನ ವಕೀಲರು

ನಮ್ಮ ಸಮಾಜಶಾಸ್ತ್ರದ ಸರ್ ಹಿಡಿದ ಚಾಕ್‌ಪೀಸು ಹಳದಿಯಾಗುತ್ತಿತ್ತು. ಸಿಂದಗಿಯ ಕಾಲೇಜಿಗೆ ಬರುವ ದಾರಿಯಲ್ಲಿ ಯಾವ ಗಾಡಿಯ ಎತ್ತಿನ ಹೆಗಲು ನೊಗ ಉಜ್ಜಿ ಹುಣ್ಣಾಗಿದ್ದರೂ, ಜೇಬಿನ ಡಬ್ಬಿ ತೆಗೆದು ಅರಿಶಿಣದೆಣ್ಣೆ ಹಚ್ಚಿಯೇ ಮುಂದೆ ಬರುತ್ತಿದ್ದರು. "ದನದ ಡಾಕ್ಟರ್ ಬಂದ್ರು" ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಪ್ರಾಣಿದಯೆಯ ಚಳವಳಿಗಳು ಅವರ ಸಂಶೋಧನೆಯ ವಿಷಯ. ಬರೆದು ಸುಮ್ಮನಾಗುವ ಜಾಯಮಾನವಲ್ಲ. ತೊಂಬತ್ತರ ದಶಕದ ಕೊನೆಗೆ ಬಿಜಾಪುರದ ಚಳವಳಿಯ ಗೆಳೆಯರನ್ನು ಕಟ್ಟಿಕೊಂಡು, ಬಾಗೇವಾಡಿ ಕಡೆಯ ತಮ್ಮ ಹುಟ್ಟೂರಿನಲ್ಲೇ ಕಲ್ಲೆಳೆಯುವ ಪಂದ್ಯ ನಿಲ್ಲಿಸಲು ಹೊರಟರು. ಭಾರೀ ಕಲ್ಲಿಗೆ ಒಂಟಿ ಎತ್ತು ಕಟ್ಟಿ, ಮೊಳೆ ಬಡಿದ ಕೋಲಿನಿಂದ ಚುಚ್ಚಿ ಎಳೆಸುವ ಪಂದ್ಯವದು. ಗೆಲ್ಲುತ್ತಿದ್ದದ್ದು ಅವರ ಸ್ವಂತ ಅಣ್ಣನ ಎತ್ತು. ಅದರ ತೊಡೆಯ ಮೇಲೆ ತೂತು ಬೀಳದ ಜಾಗವಿರಲಿಲ್ಲ.

"ಮೂಕ ಬಸವಣ್ಣ ಅದು. ಅದರ ವಕೀಲಿ ನಾವ ಮಾಡಬೇಕು" ಅನ್ನುತ್ತಿದ್ದರು.

ಪೊಲೀಸರು ಬಂದರು, ಪಂದ್ಯ ನಿಂತಿತು. ಗೆಳೆಯರು ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದರು. ಮುಂದಿನ ವಾರ ಸರ್ ಎಣ್ಣೆ ಡಬ್ಬಿ ಹಿಡಿದು ಊರಿಗೆ ಹೋದಾಗ ಜೊತೆಗೆ ನಾನೂ ಇದ್ದೆ. ಅಣ್ಣನ ಕೊಟ್ಟಿಗೆಯಲ್ಲಿ ಮೇವಿನ ಗೋದಲಿ ಖಾಲಿಯಿತ್ತು.

"ಎತ್ತೆಲ್ಲಿ ಅಣ್ಣಾ?"

"ಕಸಾಯಿಖಾನಿ ಗಾಡಿ ಹತ್ತಿಸೇನಿ." ಅಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಪಂದ್ಯಾ ಇಲ್ಲದ ಮ್ಯಾಲ ಅದಕೇನು ಕೆಲಸ?"

"ನನಗರ ಕೊಡಬೇಕಿತ್ತಲ್ಲ ಅಣ್ಣಾ, ನಾ ಸಾಕತಿದ್ನಿ!"

"ನಿನಗ ಕೊಟ್ರ ನೀ ಗೆದ್ದಂಗ. ಅದಕ್ಕ ಕೊಡಲಿಲ್ಲ."

ನನಗೆ ಅವನ ಹಲ್ಲು ಉದುರಿಸುವಷ್ಟು ಸಿಟ್ಟು ಬಂದಿತ್ತು. ಸರ್ ಗೋದಲಿಯ ಕಟ್ಟೆಯ ಮೇಲೆ ಕುಸಿದು ಕೂತು ಹುಡುಗರಂತೆ ಅತ್ತರು.

ತಮ್ಮ ಪ್ರಬಂಧದ ಕೊನೆಯ ಅಧ್ಯಾಯವನ್ನು ಆ ಎತ್ತಿನ ಮೇಲೆಯೇ ಬರೆದರು. ಪಂದ್ಯ ನಿಲ್ಲಿಸುವುದನ್ನಷ್ಟೇ ಯೋಚಿಸಿದ ಚಳವಳಿಗೂ ಆ ಕೊಲೆಯಲ್ಲಿ ಪಾಲಿದೆ, ಮೊದಲ ಪಾಲು ತಮ್ಮದೇ ಎಂದು ಬರೆದರು.

"ಇದನ್ನ ತಗದ ಬಿಡ್ರಿ ಸರ್, ಚಳವಳಿ ಹೆಸರು ಕೆಡತೈತಿ" ಎಂದರು ಬಿಜಾಪುರದವರು.

"ಅದರ ಜೀವಾನ ಹೋಗೇತಿ, ನಿಮಗ ಹೆಸರಿಂದ ಚಿಂತಿ!"

ಅಂದಿನಿಂದ ಅವರನ್ನು ಯಾವ ಸಭೆಗೂ ಕರೆಯಲಿಲ್ಲ. ಊರಿಗೂ ಬೇಡವಾದರು, ಚಳವಳಿಗೂ ಬೇಡವಾದರು. ತರಗತಿಯಲ್ಲಿ ಮಾತ್ರ ಕೇಳುತ್ತಲೇ ಇದ್ದರು: "ನೀವು ಬಿಡಿಸಿದ ಎತ್ತು ನಾಳಿ ಎಲ್ಲಿ ನಿಂದರತೈತಿ?" ಇಂದು ನಾನೂ ಅದೇ ವಿಷಯ ಪಾಠ ಮಾಡಿ ಅನ್ನ ಉಣ್ಣುತ್ತೇನೆ. ಇದಕ್ಕಿಂತ ದೊಡ್ಡ ಪ್ರಶ್ನೆ ನನಗಿನ್ನೂ ಸಿಕ್ಕಿಲ್ಲ.

ಕೆಲವು ವರ್ಷಗಳ ಮೇಲೆ ಹೃದಯಾಘಾತದಿಂದ ಸರ್ ತೀರಿಕೊಂಡರು. ಹುಟ್ಟೂರಿನಲ್ಲೇ ಮಣ್ಣು. ಬಂದವರೆಲ್ಲ ಒಂದೊಂದು ಹಿಡಿ ಹಾಕಿದರು. ಅಣ್ಣ ಕೈಕಟ್ಟಿ ನಿಂತೇ ಇದ್ದ.

"ನನ್ನ ಎತ್ತಿಗೆ ಮಣ್ಣ ಸಿಗಲಿಲ್ಲ. ಇವಗೂ ನಾ ಹಾಕೂದಿಲ್ಲ."

ದುಡಿದ ಎತ್ತು ಸತ್ತರೆ ಪೂಜೆ ಮಾಡಿ ಹೊಲದಲ್ಲೇ ಹೂಳುವ ಸೀಮೆ ನಮ್ಮದು. ಅದಕ್ಕೆ ಆ ಮಣ್ಣು ತಪ್ಪಿಸಿದವನು ಯಾರು ಎಂದು ಅವನನ್ನು ಕೇಳುವ ಬಾಯಿ ಅಲ್ಲಿ ಒಂದೂ ಇರಲಿಲ್ಲ. ನಾನು ಬಗ್ಗಿ ನನ್ನದೊಂದು ಹಿಡಿ ಹಾಕಿದೆ. ಮತ್ತೆ ಬಗ್ಗಿ ಅವನದನ್ನೂ ಹಾಕಿದೆ.