ಮಜ್ಜೆಯ ಪಾಲಿನ ಬಂಗಡೆ

ಮಂಗಳೂರಿನ ಆ ಲ್ಯಾಬಿನ ಬಾಗಿಲಲ್ಲಿ ಗುರುಪ್ರಸಾದ ಮಾಸ್ತರರು ಗತ್ತಿನಿಂದ ಚೀಲದ ಜಿಪ್ಪು ಎಳೆದರು. ಹೊರಬರಬೇಕಿದ್ದದ್ದು ರಾಮಾನ ರಕ್ತಪರೀಕ್ಷೆಯ ವರದಿ. ಬಂದದ್ದು ಒಣಬಂಗಡೆ. ಪೊಟ್ಟಣ ಹರಿದು, ಮೀನುಗಳು ಕನ್ನಡಿಯಂಥ ನೆಲದ ಮೇಲೆ ಜಾರುತ್ತ ಹೋಗಿ, ‘ಚಪ್ಪಲಿ ಹೊರಗೆ ಬಿಡಿ’ ಎಂಬ ಫಲಕದ ಬುಡದಲ್ಲಿ ಶಿಸ್ತಾಗಿ ನಿಂತವು. ಧೂಳಿನ ಕಣವೂ ನುಸುಳಬಾರದೆಂದು ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ತೊಟ್ಟು ಹೊರಬಂದ ಸಂಶೋಧಕಿ ಪ್ರೀತಿ ಮೊದಲು ಮೀನನ್ನು ನೋಡಿದಳು, ಆಮೇಲೆ ಮಾಸ್ತರರನ್ನು. ಅಂಕೋಲೆಯ ಹೈಸ್ಕೂಲಿನಲ್ಲಿ ತಲೆಮಾರುಗಳಿಗೇ ಸ್ವಚ್ಛತೆಯ ಪಾಠ ಹೇಳಿದ ಮಾಸ್ತರರು ಮೊಣಕಾಲೂರಿ ಬಂಗಡೆ ಆರಿಸತೊಡಗಿದರು. ಅವರು ಮೀನು ತಿನ್ನುವವರೂ ಅಲ್ಲ.

ಇದಕ್ಕೆಲ್ಲ ಕಾರಣ ಅಂಕೋಲೆ ಪಕ್ಕದ ಕೇಣಿಯ ಮೀನುಗಾರ ರಾಮಾ ಹರಿಕಂತ್ರ. ದಡದಲ್ಲಿ ನಿಂತು ಹತ್ತಾರು ಜನ ಹಗ್ಗ ಹಿಡಿದು ಎಳೆಯುವ ರಂಪಣಿ ಬಲೆ ಮರಳು ಮುಟ್ಟಿದ ಮೇಲೆ ಮೀನಿನ ಪಾಲು ಹಾಕುವವನು ಅವನೇ. ಹಗ್ಗ ಹಿಡಿದವನಿಗೆ ಪಾಲು, ಹಿಡಿಯದವನಿಗಿಲ್ಲ. ಅವನ ಸಂವಿಧಾನ ಅಷ್ಟೇ. ಫೋಟೋಕ್ಕೆಂದು ಹಗ್ಗ ಮುಟ್ಟಿ, ಹುಮ್ಮಸ್ಸಿಗೆ ನಿಜಕ್ಕೂ ಎಳೆದುಬಿಟ್ಟ ಪ್ರವಾಸಿಯ ಟೊಪ್ಪಿಗೆ ಬಂಗಡೆ ತುಂಬಿಸಿದ್ದ. ಬದಿಗೆ ನಿಂತು ಮೊಬೈಲು ಒತ್ತುತ್ತಿದ್ದ ಸ್ವಂತ ಅಳಿಯನನ್ನು ಬರಿಗೈಲಿ ಕಳಿಸಿದ್ದ. ರಕ್ತದ ಕ್ಯಾನ್ಸರು ಬಂದು ಹಗ್ಗ ಹಿಡಿಯಲಾಗದೆ ಕೂತ ಮೇಲೂ ಪಾಲು ಹಾಕಲು ಬರುತ್ತಿದ್ದ. ತನಗೆಂದು ಒಂದು ಮೀನೂ ಎತ್ತಿಕೊಳ್ಳುತ್ತಿರಲಿಲ್ಲ.

ಆಸ್ಪತ್ರೆಯವರು ಅವನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದಾಗ, ಅವನನ್ನು ಕೇಳಿಯೇ ಒಂದಿಷ್ಟನ್ನು ಪ್ರೀತಿಯ ಲ್ಯಾಬಿಗೆ ಕೊಟ್ಟಿದ್ದರು. ಅಲ್ಲಿ ಅದರಿಂದ ಸಾಸಿವೆ ಗಾತ್ರದ ಮಜ್ಜೆಯ ತುಂಡುಗಳನ್ನು ಬೆಳೆಸಿ, ರೋಗದ ಕಣಗಳು ಅದರೊಳಗೆ ಎಲ್ಲಿ ಅಡಗುತ್ತವೆ, ಯಾವ ಔಷಧಕ್ಕೆ ಹೆದರುತ್ತವೆ ಎಂದು ನೋಡುವುದು. ನಿಮಗೇ ಗುಣವಾದೀತು ಎನ್ನಲಾಗದು, ಮುಂದಿನವರಿಗೆ ಆದೀತು ಎಂದಿದ್ದರು. ಆಗಲಿ ಎಂದಿದ್ದ. ಈಗ ಅವನು ಔಷಧ ತೆಗೆದುಕೊಳ್ಳತೊಡಗಿದ ಮೇಲಿನ ಮಜ್ಜೆಯೂ ಬೇಕು, ಹೋಲಿಸಿ ನೋಡಲು. ಅದಿಲ್ಲದಿದ್ದರೆ ಪ್ರೀತಿಯ ಅಷ್ಟೂ ಕೆಲಸ ಅರ್ಧಕ್ಕೇ ನಿಂತಂತೆ. ರಾಮಾ ಮಾತ್ರ ಒಲ್ಲೆ ಎಂದುಬಿಟ್ಟ. ಒಪ್ಪಿಸುತ್ತೇನೆಂದು ಎದೆ ತಟ್ಟಿಕೊಂಡು ಹೊರಟವರು ಮಾಸ್ತರರು.

“ಸೂಜಿಗೆ ಹೆದರಿಕೆಯೇನೋ?”

“ತೊರಕೆ ಮೀನಿನ ಮುಳ್ಳು ಚುಚ್ಚಿಸ್ಕಂಡವ ನಾನು, ಸೂಜಿಗೆ ಹೆದರೂದಾ? ಮಾಸ್ತರ್ರೆ, ಅಲ್ಲಿಪ್ಪ ತುಂಡು ನನ್ನ ಬದ್ಲಿ ಔಷಧ ಕುಡೀತದೆ, ಹೌದನಾ?”

“ಹೌದು.”

“ಅಂದ್ರೆ ಹಗ್ಗ ಹಿಡ್ದದೆ. ಅದ್ರ ಪಾಲು ಯಾರು ಕೊಟ್ರು? ಒಬ್ಬಂಗೆ ಪಾಲು ಮುಟ್ಟಿಸ್ದೆ ಮತ್ತೊಬ್ಬನ್ನ ಹಗ್ಗಕ್ಕೆ ನಿಲ್ಸೂಕೆ ನಂಗಾಗ.”

ಮಾಸ್ತರರು ಮರಳಿನ ಮೇಲೆ ಚಿತ್ರ ಬರೆದು ವಿವರಿಸಿದರು: ಅದಕ್ಕೆ ಬಾಯಿಲ್ಲ, ಹಲ್ಲಿಲ್ಲ, ಹೊಟ್ಟೆಯಿಲ್ಲ.

“ನಮ್ಮ ಭಾವಂಗೂ ಹಲ್ಲಿಲ್ಲ. ಪಾಲು ಬಿಡೂದಾ ಅವ?”

ಮರುದಿನ ದಡದಲ್ಲಿ ಪಾಲಿನ ಒಂದು ಗುಡ್ಡೆ ಹೆಚ್ಚು ಬಿತ್ತು. ಯಾರದ್ದೆಂದು ಕೇಳಿದವರಿಗೆ, “ಮಂಗ್ಳೂರಲ್ಲಿಪ್ಪ ಒಬ್ಬಂದು” ಎಂದ. ರಾಮಾ ಹಾಕಿದ ಗುಡ್ಡೆಗೆ ಎದುರು ಮಾತಾಡುವವರು ಕೇಣಿಯಲ್ಲಿಲ್ಲ. ಅದೇ ಬಂಗಡೆ ಒಣಗಿ, ಮಾಸ್ತರರ ಚೀಲ ಸೇರಿ, ಬಸ್ಸು ಹತ್ತಿತು. ಮಂಗಳೂರು ಬರುವವರೆಗೂ ಅವರ ಪಕ್ಕದ ಸೀಟು ಖಾಲಿಯೇ ಇತ್ತು.

ಕಥೆಯನ್ನೆಲ್ಲ ಕೇಳಿದ ಪ್ರೀತಿ, “ಒಳಗೆ ತರೋ ಹಾಗಿಲ್ಲ ಸರ್. ಅದಕ್ಕೆ ನಾವು ಕೊಡೋದು ಗುಲಾಬಿ ಬಣ್ಣದ ಒಂದು ಪೋಷಕ ನೀರು ಮಾತ್ರ” ಎಂದಳು. ಮಾಸ್ತರರು ದಿಕ್ಕು ತೋಚದೆ ರಾಮಾನಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟರು.

“ದಿನಾ ಅದ್ಕೆ ಊಟ ಹಾಕೂದು ಯಾರು?”

“ನಾನೇ.”

“ಹಂಗಾರೆ ಅದ್ರ ಮನೆಯವ್ಳು ನೀನೇ. ಮನೆಯವ್ರು ಪಾಲು ತಕಂಡ್ರೆ ಅವ ತಕಂಡ ಹಾಂಗೇ. ಹಿಡಿ ತಂಗಿ.”

ಪ್ರೀತಿ ಕೈಗವಸು ಕಳಚಿ, ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಅವಳ ಹಾಸ್ಟೆಲಿನ ಗೆಳತಿಯರು ಮಜ್ಜೆಯ ಪಾಲನ್ನು ಮುಳ್ಳೂ ಬಿಡದಂತೆ ಮುಗಿಸಿದರು.

ಮುಂದಿನ ವಾರ ರಾಮಾ ತಾನಾಗಿ ಆಸ್ಪತ್ರೆಗೆ ಬಂದು ಹಾಸಿಗೆಯ ಮೇಲೆ ಬೋರಲು ಮಲಗಿದ. ಸೂಜಿ ಒಳಗಿಳಿಯುವಾಗ ಹಲ್ಲು ಕಚ್ಚಿದ. ಮಜ್ಜೆಯ ಕೊಳವೆ ಕೈಗೆ ಬಂದ ಮೇಲೆ ಪ್ರೀತಿಗೆ ಉಸಿರು ಬಂತು; ಜೊತೆಗೆ ಹಾಸ್ಟೆಲಿನವರು ಹೇಳಿ ಕಳಿಸಿದ್ದೂ ನೆನಪಾಯಿತು.

“ರಾಮಣ್ಣ, ಈ ಹೊಸಬನ ಪಾಲಿಗೂ ಬಂಗಡೆ ತಂದಿದ್ದೀರಾ?”

ರಾಮಾ ದಿಂಬಿನಿಂದ ಮುಖ ಎತ್ತಲಿಲ್ಲ.

“ಅವ ಮೊದ್ಲು ಹಗ್ಗ ಹಿಡೀಲಿ.”