ಪೆಟ್ರೋಲ್ ಕಡೆಯ ಭಾವ

ಹಳೇ ಕಾರು ಸ್ಟಾರ್ಟ್ ಆಗದೆ ಹಟ ಹಿಡಿದರೆ ಕಾರಣ ಎರಡೇ. ಒಂದೋ ಇಂಜಿನ್ನಿಗೆ ಪೆಟ್ರೋಲು ಸರಿಯಾಗಿ ಬರುತ್ತಿಲ್ಲ, ಇಲ್ಲವೇ ಬಂದ ಪೆಟ್ರೋಲಿಗೆ ಕಿಡಿ ಸಿಗುತ್ತಿಲ್ಲ. ಇದು ಭಾವನ ಮಾತು. ಬರೀ ಮಾತಲ್ಲ, ಶೆಡ್ಡಿನ ಕೆಲಸವನ್ನೂ ಅವರು ಹಾಗೇ ಎರಡು ಪಾಲು ಮಾಡಿದ್ದರು. ಟ್ಯಾಂಕು, ಪೈಪು, ಪಂಪು, ಕಾರ್ಬೊರೇಟರು ಅವರ ಕಡೆ. ಬ್ಯಾಟರಿ, ಕಾಯಿಲು, ವೈರು, ಪ್ಲಗ್ಗು ಅವರ ಹೆಂಡತಿಯ ತಮ್ಮನ ಕಡೆ. ಹಾಗಾಗಿ ಬೀದಿಯವರಿಗೆ ಒಬ್ಬರು ಪೆಟ್ರೋಲ್ ಭಾವ, ಇನ್ನೊಬ್ಬ ಕಿಡಿ. "ಇಬ್ರೂ ಜಾಸ್ತಿ ಹತ್ರ ನಿಂತ್ಕೋಬೇಡ್ರಪ್ಪ, ಶೆಡ್ಡಿಗೆ ಬೆಂಕಿ ಬೀಳುತ್ತೆ" ಎಂದು ಎದುರಿನ ಟೈರ್ ಅಂಗಡಿಯವನು ದಿನಾ ಹೇಳುತ್ತಿದ್ದ. ಹೇಳಿ ತಾನೇ ನಗುತ್ತಿದ್ದ.

ಕಾರು ಬಂದ ಕೂಡಲೇ ಮೊದಲು ನೋಡುವವರು ಭಾವ. ಬಾನೆಟ್ ಎತ್ತುವರು, ಕಾರ್ಬೊರೇಟರಿನ ಬಾಯಿಗೆ ಮೂಗು ಹಿಡಿಯುವರು, ಆಕ್ಸಿಲರೇಟರಿನ ಕಂಬಿ ಎಳೆದು ಒಳಗೆ ಪೆಟ್ರೋಲು ಚಿಮ್ಮುತ್ತದೆಯೇ ಎಂದು ಇಣುಕುವರು. ಆಮೇಲೆ ಒಂದೇ ಮಾತು: "ನಂದು," ಇಲ್ಲವೇ "ನಿಂದು." ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಕಿಡಿಗೆ ಅದು ಬೇಕಾಗಿಯೂ ಇರಲಿಲ್ಲ. ಕಾರ್ಬೊರೇಟರಿನೊಳಗೆ ಜೆಟ್ ಎಂಬ ಹಿತ್ತಾಳೆಯ ಪುಟ್ಟ ತುಂಡು ಇರುತ್ತದೆ, ಅದರ ತೂತು ಸೂಜಿಯ ಕಣ್ಣಿಗಿಂತ ಸಣ್ಣದು. ಭಾವ ಅದನ್ನು ಅಕ್ಕಿಕಾಳಿನಂತೆ ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ, ಉಫ್ ಎಂದು ಊದಿ, ಯಾರ ಜೊತೆಗೋ ಮಾತಾಡುತ್ತಲೇ ಅದರ ಜಾಗಕ್ಕೆ ಕೂರಿಸಿಬಿಡುವರು. ಅಕ್ಕನ ಮದುವೆಯಾದ ವರ್ಷ ಶೆಡ್ಡಿಗೆ ಬಂದ ಕಿಡಿ ಆ ಬೆರಳುಗಳನ್ನು ನೋಡಿಯೇ ಈ ಕಸುಬಿನಲ್ಲಿ ನಿಂತವನು.

ಅದಾಗಿ ಎಷ್ಟೋ ವರ್ಷಗಳ ಮೇಲೆ ಒಂದು ವರ್ಷ ಮಾತ್ರ "ನಿಂದು" ಎಂಬ ತೀರ್ಪು ಹೆಚ್ಚುತ್ತಾ ಹೋಯಿತು. ಊರಿನ ಹಳೇ ಕಾರುಗಳೆಲ್ಲ ಸೇರಿ ಮಾತಾಡಿಕೊಂಡು ಕಿಡಿಯ ಕಡೆಯಿಂದಲೇ ಕೆಡುತ್ತಿವೆಯೇನೋ ಎನ್ನುವಷ್ಟು.

ಗಡಿಯಾರ ರಿಪೇರಿಯವರ ಕಾರು ಬಂದದ್ದು ಆಗಲೇ. ಬೂದುಬಣ್ಣದ, ಗುಂಡು ಬೆನ್ನಿನ ಪುಟ್ಟ ಕಾರು. "ಬೆಳಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ. ಬಿಸಿಲಲ್ಲಿ ಓಡಿಸಿ ಎಲ್ಲಾದ್ರೂ ನಿಲ್ಲಿಸಿದ್ರೆ ಮುಗೀತು, ಏನ್ ಮಾಡಿದ್ರೂ ಆಗಲ್ಲ. ತಣ್ಣಗಾದ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ. ಮಾವ ಕೊಟ್ಟ ಕಾರು, ಅತ್ತೆ ಗುಣ," ಎಂದರು ಅವರು.

ಭಾವ ಇಣುಕಿ ನೋಡಿದರು. "ಕಾಯಿಲ್ ಬಿಸಿಯಾಗಿ ಕಿಡಿ ಸಾಯ್ತಿದೆ. ನಿಂದು."

ಆಗಬಹುದಾದದ್ದೇ. ಕಿಡಿ ಕಾಯಿಲು ಬದಲಾಯಿಸಿದ. ಕಾರು ಮತ್ತೆ ಬಂತು. ಕಂಡೆನ್ಸರ್ ಬದಲಾಯಿಸಿದ. ಮತ್ತೆ ಬಂತು, ಈ ಸಲ ಹಿಂದಿನಿಂದ ಇಬ್ಬರು ತಳ್ಳಿಕೊಂಡು. ಗಡಿಯಾರದವರು ಬೆವರು ಒರೆಸಿಕೊಂಡರು.

"ಯಜಮಾನ್ರೇ, ನಾನು ಹೀಗೆ ಗಡಿಯಾರ ರಿಪೇರಿ ಮಾಡಿದ್ರೆ ಜನ ನನ್ನ ಮುಳ್ಳು ಕೀಳ್ತಾರೆ. ನಾಳೆ ಸಾಯಂಕಾಲದ ತನಕ ನೋಡ್ತೀನಿ. ಆಮೇಲೆ ಸೇತುವೆ ಹತ್ರದ ದೊಡ್ಡ ಗ್ಯಾರೇಜಿಗೆ ತಗೊಂಡ್ ಹೋಗ್ತೀನಿ, ಬೇಜಾರು ಮಾಡ್ಕೋಬಾರ್ದು."

ಅವರು ಹೋದ ಮೇಲೆ, ಇಂಜಿನ್ ಇನ್ನೂ ಕಾದಿರುವಾಗಲೇ ಕಿಡಿ ಒಂದು ಪ್ಲಗ್ ಬಿಚ್ಚಿದ. ಅದರಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಒರೆಸಿ, ದೂರ ಹಿಡಿದು ಪರೀಕ್ಷಿಸಿದ. ನೀಲಿ ಕಿಡಿ ಚಟ್ ಎಂದು ಹಾರಿತು. ಕಿಡಿ ಗಟ್ಟಿಯಾಗಿದೆ, ಪೆಟ್ರೋಲು ಬೇಕಾದ್ದಕ್ಕಿಂತ ಹೆಚ್ಚು ಬಂದು ಇಂಜಿನ್ನಿನ ಉಸಿರು ಕಟ್ಟಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ಭಾವ, ಇದು ನಿಮ್ಮ ಕಡೇದು."

"ಅಲ್ಲ."

"ಪ್ಲಗ್ ನೋಡಿ, ಸ್ನಾನ ಮಾಡ್ಕೊಂಡು ಬಂದಿದೆ."

"ಅಲ್ಲ ಅಂದ್ನಲ್ಲ. ನಿನ್ನ ವೈರ್ ನೋಡ್ಕೋ. ನನ್ನ ಕಡೆ ಕೈ ಹಾಕ್ಬೇಡ."

ಎರಡು ಸಲ ಸುಮ್ಮನೆ ಸಾಮಾನು ಬದಲಿಸಿದ ಸಿಟ್ಟು ಕಿಡಿಯ ಬಾಯಿಗೆ ಬಂತು. "ಕುಣೀಲಾರದವರು ನೆಲ ಡೊಂಕು ಅಂದ್ರಂತೆ!"

ಭಾವ ಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ಹೊರಗೆ ಹೋದರು.

ಮನೆ ಶೆಡ್ಡಿನ ಹಿಂದೆಯೇ. ಕಿಡಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನ ಮುಂದೆ ದೂರು ಬಿಚ್ಚಿದ. ಅವಳು ಹೂಂ ಎನ್ನುತ್ತಾ ಟೀ ಸೋಸುತ್ತಿದ್ದಳು. ತಮ್ಮನ ಲೋಟ ತುಂಬಿತು. ಗಂಡನ ದೊಡ್ಡ ಲೋಟಕ್ಕೆ ಅರ್ಧ ಹಾಕಿ ನಿಲ್ಲಿಸಿದಳು.

"ಯಾಕಕ್ಕ ಅರ್ಧ? ಭಾವಂಗೆ ಟೀ ಅಂದ್ರೆ ಪ್ರಾಣ."

"ತುಂಬಿಸಿದ್ರೆ ಚೆಲ್ಲುತ್ತೆ ಕಣೋ."

ಅವನಿಗೆ ಅರ್ಥವಾಗಲಿಲ್ಲ. ಅಕ್ಕ ಅವನ ಮುಖವನ್ನೇ ನೋಡಿದಳು. ಆಗ ಅರ್ಥವಾಯಿತು.

"ಯಾವಾಗಿಂದ?"

"ಬೇಸಿಗೆಯಿಂದ. ಮಾತ್ರೆ ತಗೊಂಡ್ರೆ ಕೈ ನಡುಕ ಕಡಿಮೆಯಾಗ್ಬಹುದು, ಪೂರ್ತಿ ನಿಲ್ಲಲ್ಲ ಅಂದಿದ್ದಾರೆ ಡಾಕ್ಟ್ರು. ನಿಂಗೆ ಹೇಳಬಾರ್ದು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದಾರೆ." ಅವಳು ಸೋಸುವ ಬಟ್ಟೆ ಹಿಂಡಿದಳು. "ನಾನೆಲ್ಲಿ ಹೇಳ್ದೆ? ಟೀ ಹಾಕ್ದೆ, ಅಷ್ಟೆ."

"ನಂಗೆ ಹೇಳಿದ್ರೆ ಏನಾಗ್ತಿತ್ತು?"

"ಮನೇಲಿ ಕೂತ್ಕೊಳ್ಳಿ ಭಾವ, ನಾನು ನೋಡ್ಕೋತೀನಿ ಅಂತಿದ್ದೆ ನೀನು. ಒಳ್ಳೇ ಮನಸ್ಸಿಂದಾನೇ ಅಂತಿದ್ದೆ. ಆ ಮನುಷ್ಯನ್ನ ಮನೇಲಿ ಕೂರಿಸಿದ್ರೆ ಉಳಿಯಲ್ಲ ಕಣೋ."

ಕಿಡಿ ಲೋಟ ಹಿಡಿದು ನಿಂತ. ಅಕ್ಕ ಹೇಳಿದ್ದು ನಿಜವಾಗಿತ್ತು, ಅವನು ಅದನ್ನೇ ಹೇಳುತ್ತಿದ್ದ. ತೀರ್ಪು "ನಂದು" ಆದರೆ ಭಾವ ಜೆಟ್ ಹಿಡಿಯಬೇಕು. ಹಿಡಿದರೆ ಕೈ ಕಾಣುತ್ತದೆ. ಅದಕ್ಕೇ ಎಲ್ಲವೂ "ನಿಂದು".

ಮರುದಿನ ಭಾವ ಶೆಡ್ಡಿನ ಬಾಗಿಲ ಬಳಿ ಡ್ರಮ್ಮಿನ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದರು. ಕಿಡಿ ಏನೂ ಹೇಳದೆ ಬೂದು ಕಾರಿನ ಕಾರ್ಬೊರೇಟರಿಗೆ ಸ್ಪ್ಯಾನರ್ ಹಾಕಿದ. ಆ ಕಡೆ ಅವನು ಕೈ ಹಾಕಿದ್ದು ಅದೇ ಮೊದಲು. ಸ್ಪ್ಯಾನರ್ ಕಟಕ್ ಎಂದು ಜಾರಿತು.

"ಅದಕ್ಕೆ ಹತ್ತನೇ ನಂಬರ್ ಸ್ಪ್ಯಾನರ್ ಆಗಲ್ಲ," ಎಂದರು ಭಾವ, ತಿರುಗದೆ.

ಕಿಡಿ ಬೇರೆ ಸ್ಪ್ಯಾನರ್ ತಗೊಂಡ.

"ಮೊದಲು ಪೈಪ್ ಬಿಚ್ಚು. ಕೆಳಗೆ ಬಟ್ಟೆ ಇಟ್ಯಾ?"

"ಇಲ್ಲ ಭಾವ."

"ಇಡಲ್ಲ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿದ್ರೆ ಈಗ ನಿನ್ನ ಮೀಸೆ ಇರ್ತಿರಲಿಲ್ಲ." ಸಂಕಟ ತಾಳಲಾರದೆ ಅವರು ಎದ್ದು ಬಂದರು. ಎರಡೂ ಕೈ ಜೇಬಿನಲ್ಲಿದ್ದವು.

ಮುಚ್ಚಳ ತೆಗೆದರೆ ಒಳಗೆ ಫ್ಲೋಟು. ಟೊಳ್ಳು ಹಿತ್ತಾಳೆಯ ಪುಟ್ಟ ಡಬ್ಬಿ. ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡಿನ ಕೆಲಸವೇ ಇದರದ್ದು. ಪೆಟ್ರೋಲು ಏರಿದಂತೆ ತಾನೂ ತೇಲಿ ಏರಿ ಪೆಟ್ರೋಲು ಬರುವ ಬಾಗಿಲು ಮುಚ್ಚಬೇಕು. ಡಬ್ಬಿ ತೂತಾಗಿ ಒಳಗೆ ಪೆಟ್ರೋಲು ಹೊಕ್ಕರೆ ಭಾರವಾಗಿ ಮುಳುಗುತ್ತದೆ. ಬಾಗಿಲು ಮುಚ್ಚುವುದಿಲ್ಲ, ಇಂಜಿನ್ನಿಗೆ ಪೆಟ್ರೋಲು ನುಗ್ಗುತ್ತಲೇ ಇರುತ್ತದೆ.

ಕಿಡಿ ಅದನ್ನು ಕಿವಿಯ ಹತ್ತಿರ ಹಿಡಿದು ಆಲಿಸಿದ. "ಸರಿಯಾಗಿದೆ ಭಾವ. ಒಳಗೆ ಏನೂ ಇಲ್ಲ."

"ಕೊಡಿಲ್ಲಿ." ಅಭ್ಯಾಸಬಲದಿಂದ ಭಾವನ ಕೈ ಜೇಬಿನಿಂದ ಹೊರಬಂದುಬಿಟ್ಟಿತ್ತು. ಚಾಚಿದ ಮೇಲೆ ಹಿಂದಕ್ಕೆ ತೆಗೆಯುವಂತಿರಲಿಲ್ಲ. ಕಿಡಿ ಫ್ಲೋಟನ್ನು ಅಂಗೈಯಲ್ಲಿಟ್ಟ. ಅವರು ಕಿವಿಗೆ ಹಿಡಿದರು. ಕೈ ನಡುಗುತ್ತಿತ್ತು, ಸಣ್ಣಗೆ, ಬಿಡದೆ. ಆ ನಡುಕಕ್ಕೆ ಡಬ್ಬಿಯೊಳಗೆ ಗುಳುಗುಳು ಎಂದಿತು.

ಇಬ್ಬರಿಗೂ ಕೇಳಿಸಿತು.

"ಕಲ್ಲು ಹಿಡಿದ ಹಾಗೆ ಹಿಡ್ಕೊಂಡಿದ್ದೆ ನೀನು," ಎಂದರು ಭಾವ. "ಅಲ್ಲಾಡಿಸ್ಬೇಕು ಕಣೋ. ನಂಗೀಗ ಆ ಶ್ರಮಾನೂ ಇಲ್ಲ." ಆಮೇಲೆ ದನಿ ತಗ್ಗಿಸಿ, "ನಿಮ್ಮಕ್ಕ ಹೇಳಿದ್ಲಾ?"

"ಇಲ್ಲ. ಟೀ ಹಾಕಿದ್ಲು."

ಭಾವ ಮೂಗಿನಲ್ಲೇ ನಕ್ಕರು.

"ನಿನ್ನೆ ನಾನು ಹಾಗನ್ನಬಾರದಿತ್ತು ಭಾವ. ನೆಲ ಡೊಂಕು ಅಂತ..."

"ಡೊಂಕೇ ಇದೆಯಲ್ಲ. ಈ ಶೆಡ್ಡಿಗೆ ಸಿಮೆಂಟ್ ಹಾಕಿಸು ಅಂತ ಎಷ್ಟು ವರ್ಷದಿಂದ ಬಡ್ಕೋತಿದ್ದೀನಿ. ಬಿಸಿನೀರು ತಾ, ತೂತೆಲ್ಲಿದೆ ನೋಡೋಣ."

ಬಿಸಿನೀರಲ್ಲಿ ಮುಳುಗಿಸಿದಾಗ ಒಂದು ಮೂಲೆಯಿಂದ ಗುಳ್ಳೆಗಳು ಸಾಲಾಗಿ ಎದ್ದವು. ಅಲ್ಲೇ ತೂತು. ಅದನ್ನು ಸ್ವಲ್ಪ ಹಿಗ್ಗಿಸಿ ಒಳಗಿನ ಪೆಟ್ರೋಲನ್ನು ಬಸಿದರು. ಕಿಡಿ ಬೆಸುಗೆಯ ಕಡ್ಡಿ ಕಾಯಿಸಲು ಹೊರಟರೆ ಭಾವ ತಡೆದು, ವಾಸನೆ ಪೂರ್ತಿ ಹೋಗುವ ತನಕ ಫ್ಲೋಟನ್ನು ಮತ್ತೆ ಮತ್ತೆ ಬಿಸಿನೀರಿಗೆ ಹಾಕಿಸಿದರು. ಬೆಸುಗೆ ಕಿಡಿಗೆ ಗೊತ್ತಿದ್ದ ಕೆಲಸ. ಆದರೂ ಬೈಗುಳ ತಪ್ಪಲಿಲ್ಲ: "ಅಷ್ಟೊಂದು ಸೀಸ ಮೆತ್ತಿದ್ರೆ ಅದರ ಭಾರಕ್ಕೇ ಮುಳುಗುತ್ತೆ. ಉಜ್ಜಿ ತೆಗಿ." ಬಿಚ್ಚಿಟ್ಟಿದ್ದ ಜೆಟ್ ಕೂರಿಸುವಾಗ ಅದು ಕಿಡಿಯ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಅವನು ಮಂಡಿಯೂರಿ ಕಾರಿನಡಿ ತಡಕಾಡಿದ.

"ನಿಧಾನ," ಎಂದರು ಭಾವ ಮೇಲಿನಿಂದ. "ಬೀಳಿಸೋದೇ ಆದ್ರೆ ನಾನೇ ಬೀಳಿಸ್ತಿದ್ನಲ್ಲ, ನೀನ್ಯಾಕೆ ಬೇಕಿತ್ತು?"

ಸಾಯಂಕಾಲ ಗಡಿಯಾರದವರನ್ನು ಕೂರಿಸಿಕೊಂಡು ಕಿಡಿ ಇಂಜಿನ್ ಚೆನ್ನಾಗಿ ಕಾಯುವಷ್ಟು ಸುತ್ತಿ ಬಂದು, ಶೆಡ್ಡಿನ ಮುಂದೆ ಆಫ್ ಮಾಡಿ ಕಾದ. ಕೀಲಿ ತಿರುಗಿಸಿದಾಗ ಇಂಜಿನ್ ಒಂದು ಸಲ ಮುಗ್ಗರಿಸಿ ಹತ್ತಿಕೊಂಡಿತು. ಭಾವ ಹೇಳಿದಂತೆ ಕಾರ್ಬೊರೇಟರಿನ ಸ್ಕ್ರೂ ಕೊಂಚ ತಿರುಗಿಸಿ ಮತ್ತೆ ನೋಡಿದ. ಈ ಸಲ ಮುಗ್ಗರಿಸಲಿಲ್ಲ.

"ಅಂತೂ ತಪ್ಪು ಯಾರ ಕಡೇದು?" ಎಂದರು ಗಡಿಯಾರದವರು.

ಕಿಡಿ ಇಂಜಿನ್ನಿನ ಕಡೆ ನೋಡಿದ.

"ನಂದು," ಎಂದರು ಭಾವ. "ಮೊದಲ ದಿನದಿಂದಲೂ ನಂದೇ. ಕೈ ಹೀಗಿದೆ ನೋಡಿ, ಅದಕ್ಕೆ ಇವನ ಮೇಲೆ ಹಾಕಿದೆ." ಕೈ ಮುಂದೆ ಹಿಡಿದು ತೋರಿಸಿದರು.

ಗಡಿಯಾರದವರು ಆ ಕೈಯನ್ನು ಕಸುಬಿನವರ ಕಣ್ಣಿನಿಂದ ನೋಡಿದರು. "ನಮ್ಮ ಕೆಲಸದಲ್ಲಾಗಿದ್ರೆ ಬಹಳ ಕಷ್ಟ."

"ಇಲ್ಲೂ ಕಷ್ಟಾನೇ," ಎಂದರು ಭಾವ.

ಮುಂದಿನ ವಾರ ಯಾರದೋ ಗೋದಾಮಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಕಾರೊಂದನ್ನು ಎಳೆದು ತಂದರು. ಭಾವ ಬಗ್ಗಿ ಮೂಗು ಹಿಡಿದು, ಮುಖ ಸಿಂಡರಿಸಿದರು.

"ನಂದು. ಪೆಟ್ರೋಲ್ ಹಳಸಿ ಗೋಂದಾಗಿದೆ. ಬಾರೋ, ಬಿಚ್ಚು. ಬಟ್ಟೆ ಮೊದಲು."