ಕಿರ್ರ್ ಪಾರ್ಕಿನ ಡಬ್ಬಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ, ಇಲ್ಲ ಎಂದು ನಾನೇನೂ ವಾದಿಸುವುದಿಲ್ಲ. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ನಮ್ಮ ಮಾವನವರದು. ನನ್ನ ಗಂಡನ ಅಪ್ಪ. ಪ್ರಾಯ ಪೂರ್ತಿ ಸಿಟಿ ಬಸ್ಸು ಓಡಿಸಿ, ರಿಟೈರಾಗಿ ಮನೆಗೆ ಬಂದ ಮನುಷ್ಯ. ಮನೆಗೆ ಬಂದರೇನು, ಬಸ್ಸು ಅವರ ಮೈಯಿಂದ ಇಳಿಯಲಿಲ್ಲ. ಕುರ್ಚಿಯಿಂದ ಏಳಬೇಕಾದರೂ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿಯೇ ಏಳುತ್ತಾರೆ. ಊಟಕ್ಕೆ ಕೂತಾಗ ನಾನು ಬಾಗಿಲಲ್ಲಿ ನಿಂತರೆ, "ಫುಟ್‌ಬೋರ್ಡ್ ಮೇಲೆ ನಿಲ್ಬೇಡಮ್ಮ, ಒಳಗೆ ಬಾ" ಎನ್ನುತ್ತಾರೆ.

ನಮ್ಮದು ಎರಡನೇ ಮಹಡಿಯ ಸಣ್ಣ ಮನೆ. ನನ್ನ ಗಂಡ ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಹಗಲಿಡೀ ಮುಸುಕು ಹೊದ್ದು ಮಲಗುತ್ತಾರೆ. ನಾನು ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಹರಿದ ಜಿಪ್ಪುಗಳಿಗೆ ಹೊಲಿಗೆ ಹಾಕಲು ಹೋಗುತ್ತೇನೆ. ಹಾಗಾಗಿ ಹಗಲು ಹೊತ್ತು ನಮ್ಮ ಐದು ವರ್ಷದ ಮಗಳು ತಾತನ ಪಾಲು. ಇದರಲ್ಲಿ ನನಗಿದ್ದ ತಕರಾರು ಒಂದೇ: ಮಾವನವರು ಟಿವಿ ಹಾಕಿದರೆ ಕೆಳಗಿನ ಮನೆಯವರಿಗೂ ವಾರ್ತೆ ಮುಟ್ಟುತ್ತಿತ್ತು. "ಮಾವ, ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ" ಎಂದರೆ ಸಿಡುಕುತ್ತಿದ್ದರು.

"ನನ್ನ ಕಿವಿಗೇನಾಗಿದೆ? ನೀವು ಬಾಯೊಳಗೇ ಗೊಣಗ್ತೀರಿ. ಬಾಯಿ ಬಿಟ್ಟು ಮಾತಾಡಿ, ಕೇಳ್ಸುತ್ತೆ."

ಹೇಳುವಷ್ಟು ಹೇಳಿ ಸುಮ್ಮನಾದೆ. ಆಗ ನನಗೆ ಅವರ ಕಿವಿಗಿಂತ ದೊಡ್ಡ ಚಿಂತೆ ಬೇರೊಂದಿತ್ತು. ನನ್ನ ಮಗಳಿಗೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಇದು ನಮಗೆ ತಿಳಿದದ್ದೇ ತಡವಾಗಿ. ಎರಡು ಕಿವಿಗೂ ಮಷೀನು ಬಂತು. ಕಡಲೆಕಾಯಿ ಗಾತ್ರದವು, ಕಿವಿಯ ಹಿಂದೆ ಕೂರುವಂಥವು. ಹಾಕಿದ ದಿನವೇ ಅವಳು ಕಿತ್ತು ಎಸೆದಳು. ಆಮೇಲೆ ದಿನವೂ ಅದೇ ರಾಮಾಯಣ. ಒಂದು ಸಲ ಅಪ್ಪನ ಬೂಟಿನೊಳಗೆ ಸಿಕ್ಕಿತು, ಒಂದು ಸಲ ಹಿಟ್ಟಿನ ಡಬ್ಬದಲ್ಲಿ, ಇನ್ನೊಂದು ಸಲ ಕಸದ ಬುಟ್ಟಿಯಲ್ಲಿ. ಗದರಿಸಿದೆ, ರಮಿಸಿದೆ, ಮುದ್ದಿಸಿದೆ, ಏನು ಮಾಡಿದರೂ ಬಗ್ಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಅವಳು. ಈ ಗುಣ ಎಲ್ಲಿಂದ ಬಂತೋ ಎಂದು ನನ್ನ ಗಂಡ ನನ್ನ ಮುಖವನ್ನೇ ನೋಡಿ ಕೇಳುತ್ತಿದ್ದರು.

ಮಾತು ಕಲಿಸುವ ಮೇಡಂ ಮಾತ್ರ ನಗಲಿಲ್ಲ. "ಇದೇ ವಯಸ್ಸಮ್ಮ. ಕಿವಿಗೆ ಬೀಳದ ಮಾತು ನಾಲಿಗೆಗೆ ಬರಲ್ಲ. ಈಗ ಹಾಕ್ಕೊಳ್ಳದೆ ಹೋದ್ರೆ ಆಮೇಲೆ ತುಂಬ ಕಷ್ಟ" ಎಂದರು. ಅಂದು ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ನನಗೆ ಒಂದೇ ಭಯ: ನನ್ನ ಮಗಳು ಬಾಯಿ ತುಂಬ ಮಾತಾಡುವುದನ್ನು ನಾನು ಕೇಳುತ್ತೇನೋ ಇಲ್ಲವೋ.

ಇಂಥ ಹೊತ್ತಿನಲ್ಲಿ ಮಾವನವರಿಗೆ ಹೊಸ ಹುಚ್ಚು ಹಿಡಿಯಿತು. ಡಿಪೋದ ಹಳೆಯ ಮೆಕ್ಯಾನಿಕ್ ಗೆಳೆಯರೊಬ್ಬರು ಫೋನಿನಲ್ಲಿ ಒಂದು ಆಟ ತೋರಿಸಿದ್ದರಂತೆ. ಯಾರೋ ಊರ ತುಂಬ ಸಣ್ಣ ಸಣ್ಣ ಡಬ್ಬಿಗಳನ್ನು ಬಚ್ಚಿಟ್ಟಿರುತ್ತಾರೆ. ಫೋನಿನ ನಕ್ಷೆಯಲ್ಲಿ ಅದರ ಗುರುತು ಇರುತ್ತದೆ. ಹುಡುಕಿದವರು ಡಬ್ಬಿಯಿಂದ ಒಂದು ವಸ್ತು ತೆಗೆದುಕೊಂಡು, ತಮ್ಮದೊಂದನ್ನು ಇಟ್ಟು, ಡಬ್ಬಿಯನ್ನು ಮತ್ತೆ ಅಲ್ಲೇ ಬಚ್ಚಿಡಬೇಕು. ಜಿಯೋಕ್ಯಾಶಿಂಗ್ ಎಂದೇನೋ ಹೆಸರು. ನಮ್ಮ ಮನೆಯಲ್ಲಿ ಅದು ಡಬ್ಬಿ ಬೇಟೆ.

"ಇಷ್ಟು ವರ್ಷ ಇದೇ ರಸ್ತೇಲಿ ಬಸ್ ಓಡ್ಸಿದ್ದೀನಿ. ನನ್ನ ಕಣ್ಣಿಗೆ ಬೀಳದ ಹಾಗೆ ಡಬ್ಬಿ ಇಡ್ತಾರಾ?" ಎಂದು ಮಾವನವರಿಗೆ ಅವಮಾನವಾದಂತೆ ಆಯಿತು. ಮರುದಿನವೇ ಮೊಮ್ಮಗಳ ಕೈ ಹಿಡಿದು ಹೊರಟರು. ಹೆಚ್ಚಿನ ಡಬ್ಬಿಗಳು ಮಕ್ಕಳ ಆಟದ ಪಾರ್ಕುಗಳಲ್ಲೇ ಇದ್ದವು. ತಮ್ಮ ಸ್ವಂತ ಮಗನನ್ನು ಒಂದು ದಿನವೂ ಉಯ್ಯಾಲೆಗೆ ಕೂರಿಸಲು ಪುರುಸೊತ್ತಿಲ್ಲದಿದ್ದ ಮನುಷ್ಯ ಈಗ ಊರಿನ ಜಾರುಬಂಡೆಗಳನ್ನೆಲ್ಲ ಅಳೆಯತೊಡಗಿದರು. ಮೊಮ್ಮಗಳಿಗೆ 'ಕಂಡಕ್ಟ್ರು' ಎಂದು ಹೆಸರಿಟ್ಟರು. ಕರೆಯುವುದು ಬಹುವಚನದಲ್ಲಿ.

"ಕಂಡಕ್ಟ್ರೇ, ಗಾಡಿ ಬಿಡೋಣ್ವಾ?"

ಅವಳು ಬಾಗಿಲನ್ನು ಎರಡು ಸಲ ತಟ್ಟಬೇಕು. ಆಗ ತಾತ ಚಪ್ಪಲಿ ಮೆಟ್ಟುತ್ತಿದ್ದರು.

ಮಷೀನಿನ ಮಾತನ್ನು ಅವರು ಎತ್ತಲೇ ಇಲ್ಲ. ಅವರ ದಾರಿಯೇ ಬೇರೆ. ಬಸ್ಸಿನ ಗೇರಿನ ಮೇಲೆ ಅಂಗೈ ಇಟ್ಟರೆ ಗಾಡಿಯ ಹೊಟ್ಟೆಯಲ್ಲಿ ಏನು ಗಲಾಟೆಯಿದೆ ಎಂದು ತಿಳಿಯುತ್ತದೆ ಎನ್ನುವವರು ಅವರು. ಪಾರ್ಕಿನಲ್ಲೂ ಅದೇ ಪಾಠ. ಉಯ್ಯಾಲೆಯ ಸರಪಳಿ ತೂಗುವಾಗ ಮಗುವಿನ ಕೈಯನ್ನು ಅದರ ಮೇಲೆ ಇಡುತ್ತಿದ್ದರು. ಕೈಗೆ ನಡುಕ ಗೊತ್ತಾದ ಮೇಲೆ, "ಕೈಗೆ ಸಿಕ್ತು. ಇದು ಏನು ಸದ್ದು ಮಾಡ್ತಿದೆ ಕಂಡಕ್ಟ್ರೇ? ನೀವು ಕೇಳಿ ಹೇಳಿ" ಎನ್ನುತ್ತಿದ್ದರು. ಹೇಳಬೇಕಾದರೆ ಮಷೀನು ಬೇಕು. ಜೇಬಿನಿಂದ ತೆಗೆದು ಕೊಡುತ್ತಿದ್ದರು. ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ಮಷೀನು ಕುಂಯ್ ಎಂದು ಸಣ್ಣಗೆ ಕೂಗುತ್ತದೆ ಎಂದು ನಾನು ಹೇಳಿದ್ದು ಅವರಿಗೆ ನೆನಪಿತ್ತು. ಒಂದನ್ನು ಹಾಕಿಸಿದ ಮೇಲೆ ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು, "ಕರೀತಾ ಇದೆ ನೋಡಿ, ಬೇಗ ಹಾಕ್ಕೊಳ್ಳಿ" ಎನ್ನುವುದು ಇನ್ನೊಂದು ಉಪಾಯ.

ಒಂದು ಸಂಜೆ ಮನೆಗೆ ಬಂದ ಮಗಳು ಚಪ್ಪಲಿಯನ್ನೂ ಬಿಚ್ಚದೆ ನನ್ನ ಮುಂದೆ ನಿಂತು, "ಕಿರ್ರ್!" ಎಂದಳು. ನಾನು ಬೆಪ್ಪಾಗಿ ನೋಡಿದೆ. "ಉಯ್ಯಾಲೆ. ಕಿರ್ರ್" ಎಂದಳು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿಯಿತು, ನಾನು ಅಲ್ಲಾಡಲಿಲ್ಲ.

ಅಲ್ಲಿಂದ ಮುಂದೆ ಪಾರ್ಕುಗಳಿಗೆಲ್ಲ ಅವಳೇ ಹೆಸರಿಟ್ಟಳು. ಇಬ್ಬರು ಕೂತು ಮೇಲೆ ಕೆಳಗೆ ಆಡುವ ಸೀಸಾ ಹಲಗೆ ಹಳೆಯ ಟೈರಿನ ಮೇಲೆ ಕುಟ್ಟುವ ಜಾಗ ಧಡ್ ಪಾರ್ಕು. ಕಾಲ ಕೆಳಗೆ ಜಲ್ಲಿಯಿರುವುದು ಚರ್ ಪಾರ್ಕು. ಉಯ್ಯಾಲೆಯದು ಕಿರ್ರ್ ಪಾರ್ಕು. ಮೇಡಂ ಇದನ್ನು ಕೇಳಿ, ಮುಂದಿನ ಸಲ ತಾತನನ್ನೂ ಕರೆದುಕೊಂಡು ಬನ್ನಿ ಎಂದರು. ಮಾವನವರು ಹೋಗಲಿಲ್ಲ. ಕಿವಿ ನೋಡುವವರಿರುವ ಕಡೆ ಅವರು ಕಾಲಿಡುವವರಲ್ಲ.

ಡಬ್ಬಿ ಬೇಟೆಗೆ ಅವರು ಮೊಮ್ಮಗಳಿಗೆ ಹೇಳಿಕೊಟ್ಟ ಕಾನೂನು ಎರಡು. ಒಂದು, ಒಡೆದದ್ದು, ಹಳೆಯದು, ನಮಗೆ ಬೇಡವಾದದ್ದು ಡಬ್ಬಿಗೆ ಹಾಕಬಾರದು. ತಗೊಂಡದ್ದಕ್ಕಿಂತ ಒಳ್ಳೆಯದನ್ನೇ ಇಡಬೇಕು. ಎರಡು, ಏನಿಟ್ಟೆವು ಎಂದು ಯಾರಿಗೂ ಹೇಳಬಾರದು. ಹೇಳಿದರೆ ಮುಂದೆ ಬರುವವರ ಖುಷಿ ಕಡಿಮೆಯಾಗುತ್ತದಂತೆ. ಮಗು ಡಬ್ಬಿಯಲ್ಲಿ ಏನಾದರೂ ಇಡುವಾಗ ಮಾವನವರು ಬೇಕೆಂದೇ ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಎಂಥ ಮರ್ಯಾದಸ್ಥ ಮನುಷ್ಯ ಎಂದು ನಾನು ಒಳಗೊಳಗೇ ಮೆಚ್ಚಿಕೊಂಡಿದ್ದೆ. ಆ ಮರ್ಯಾದೆಯೇ ನಮ್ಮನ್ನು ಮುಳುಗಿಸಿತು.

ಅವತ್ತು ನಾನು ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಸೀಟಿಯ ಸದ್ದು. ಮಗಳ ಬಾಯಲ್ಲಿ ಹಳದಿ ಸೀಟಿ. ಕಿರ್ರ್ ಪಾರ್ಕಿನ ಡಬ್ಬಿಯಲ್ಲಿ ಸಿಕ್ಕಿದ್ದಂತೆ. ಕಂಡಕ್ಟರ್ ಆದವಳಿಗೆ ಸೀಟಿ ಸಿಕ್ಕಮೇಲೆ ಕೇಳಬೇಕೇ? ಊದಿದ್ದೇ ಊದಿದ್ದು. ಒಳಗೆ ಮುಸುಕಿನಡಿಯಲ್ಲಿದ್ದ ನನ್ನ ಗಂಡ, "ಯಾವ ಸ್ಟಾಪು ಬಂತು?" ಎಂದು ನರಳಿದರು. ನಾನು ನಗುತ್ತಲೇ ಅವಳ ತಲೆ ಬಾಚಲು ಕೂದಲು ಎತ್ತಿದೆ. ಎಡಗಿವಿ ಬರಿದಾಗಿತ್ತು.

"ಈ ಕಿವೀದೆಲ್ಲಿ?"

ಅವಳು ಬಾಯಿ ಬಿಗಿಹಿಡಿದಳು. ಮಾವನವರು ಜೇಬು ತಡಕಿದರು, ಬ್ಯಾಗು ಕೊಡವಿದರು. ನಾನು ಮತ್ತೆ ಕೇಳಿದೆ, ಕೂಗಿ ಕೇಳಿದೆ. ಅವಳು ತಾತನ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಬೇಡ ಎನ್ನುವಂತೆ ತಲೆಯಾಡಿಸಿದಳು. ಮಾವನವರ ಮುಖ ಬಿಳಿಚಿಕೊಂಡಿತು. ನನಗಿಂತ ಮೊದಲು ಅವರಿಗೆ ಅರ್ಥವಾಗಿತ್ತು.

"ಡಬ್ಬೀಲಿ ಇಟ್ಟಿದ್ದಾಳಮ್ಮ" ಎಂದರು.

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದನ್ನಂತೂ ಹೇಳಬಹುದು: "ಮಕ್ಕಳಾಟಕ್ಕೆ ಹೋಗಿ ಮಗೂನ ಬದುಕೇ ಹಾಳು ಮಾಡಿದ್ರಲ್ಲ ಮಾವ!" ಅವರು ಚಪ್ಪಲಿ ಮೆಟ್ಟಿದರು. ಬಾಗಿಲು ತಟ್ಟುವವರೆಗೆ ಕಾಯಲಿಲ್ಲ.

ಮೂವರೂ ಕಿರ್ರ್ ಪಾರ್ಕಿಗೆ ಓಡಿದೆವು. ಜಾರುಬಂಡೆಯ ಹಿಂದಿನ ಮರದ ಬೇರಿನ ಸಂದಿಯೇ ಡಬ್ಬಿಯ ಜಾಗ. ಅಲ್ಲಿ ಡಬ್ಬಿ ಇರಲಿಲ್ಲ. ಪಾರ್ಕು ಗುಡಿಸುವವರು ಮಧ್ಯಾಹ್ನ ಬಂದು ಹೋಗಿದ್ದರು. ಬೇರಿನ ಸಂದಿಯೆಲ್ಲ ನೆಕ್ಕಿಟ್ಟ ತಟ್ಟೆಯ ಹಾಗೆ ಚೊಕ್ಕವಾಗಿತ್ತು. ಬೇಲಿಯುದ್ದಕ್ಕೂ ಒಣಗಿದ ಎಲೆಗಳ ರಾಶಿಗಳು. "ಬೆಳಿಗ್ಗೆ ಗಾಡಿ ಬಂದು ತಗೊಂಡು ಹೋಗುತ್ತೆ" ಎಂದು ಗೇಟಿನ ಕಾವಲುಗಾರ ಹೇಳಿದ. ಬೆಳಕು ಇಳಿಯುತ್ತಿತ್ತು.

ನಾನು ಬೇಲಿಯ ಒಂದು ತುದಿಯಿಂದ ಎಲೆ ಬಗೆಯತೊಡಗಿದೆ, ಮಾವನವರು ಇನ್ನೊಂದು ತುದಿಯಿಂದ. ಮಂಡಿ ನೋವಿನ ಮನುಷ್ಯ ಮಣ್ಣಿನಲ್ಲಿ ಮಂಡಿಯೂರಿ, ಎರಡೂ ಕೈ ಮೊಣಕೈವರೆಗೆ ರಾಶಿಯೊಳಗೆ ತೂರಿಸಿ ತಡಕುತ್ತಿದ್ದರು. ನನ್ನ ಕೈಗೆ ಸಿಕ್ಕಿದ್ದು ಕಡ್ಡಿ, ಕಾಗದ, ಯಾರದೋ ಒಂಟಿ ಕಾಲುಚೀಲ. ಅಯ್ಯೋ, ಇದು ಆಗುವ ಹೋಗುವ ಮಾತೇ ಎಂದು ಅಳು ಬಂತು.

ಮಗಳು ನಮ್ಮಿಬ್ಬರ ನಡುವೆ ನಿಂತಿದ್ದಳು. ಇದ್ದಕ್ಕಿದ್ದಂತೆ ಬಲಗಿವಿಯನ್ನು ಮುಂದೆ ಮಾಡಿ ತಲೆ ಓರೆ ಮಾಡಿದಳು. ನಿಧಾನವಾಗಿ ತಾತನ ಕಡೆ ನಡೆದಳು.

"ಕುಂಯ್" ಎಂದಳು.

"ಏನು?" ಎಂದರು ಮಾವನವರು.

"ಕುಂಯ್! ಇಲ್ಲಿ."

ನಾನು ಓಡಿ ಹೋದೆ. ಹತ್ತಿರ ಹೋದ ಮೇಲೆ ನನಗೂ ಕೇಳಿಸಿತು. ಮುಚ್ಚಿದ ಡಬ್ಬಿಯೊಳಗಿಂದ ಮಷೀನು ಸಣ್ಣಗೆ ಕೂಗುತ್ತಿತ್ತು. ಮಾವನವರು ಮಂಡಿಯೂರಿದ್ದ ರಾಶಿಯಲ್ಲೇ, ಅವರ ಮೊಣಕೈ ಪಕ್ಕದಲ್ಲೇ. ಅವರು ಮಾತ್ರ ಮೊಮ್ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡುತ್ತ, "ಎಲ್ಲಿ? ಏನು ಸದ್ದು?" ಎಂದು ಕೇಳುತ್ತಲೇ ಇದ್ದರು.

ಮಗಳು ಎಲೆ ಸರಿಸಿ ಡಬ್ಬಿ ತೆಗೆದಳು. ಮುಚ್ಚಳ ತೆರೆದರೆ, ಮೂರ್ನಾಲ್ಕು ಗೋಲಿಗಳ ಪಕ್ಕದಲ್ಲಿ, ನನ್ನ ಹೊಲಿಗೆಯ ತುಂಡು ಬಟ್ಟೆಯೊಂದರ ಮೇಲೆ ಜೋಪಾನವಾಗಿ ಮಲಗಿಸಿದ ಹಾಗೆ ಇತ್ತು.

ಜೀವ ಬಂದ ಮೇಲೆ ಕೋಪವೂ ಬಂತು. ಅವಳ ಭುಜ ಹಿಡಿದು ಕೇಳಿದೆ. "ಯಾಕಿಟ್ಟೆ? ಬೇಡ ಅಂತ ಬಿಸಾಕಿದ್ಯಾ ಮತ್ತೆ?"

ಅವಳು ತಾತನ ಕಡೆ ನೋಡಿದಳು. ಮಾವನವರು, "ಹೇಳಿ ಕಂಡಕ್ಟ್ರೇ, ಈಗ ಹೇಳ್ಬಹುದು" ಎಂದರು.

"ಬೇಡದ್ದು ಇಡಬಾರ್ದು" ಎಂದಳು ಅವಳು, ಒಂದೊಂದೇ ಮಾತು ಜೋಡಿಸಿಕೊಂಡು. "ಒಳ್ಳೇದು ಇಡ್ಬೇಕು. ನನ್ ಹತ್ರ ಎರಡಿದೆ. ಆಮೇಲೆ ಬರೋ ಪಾಪೂಗೂ ಕಿರ್ರ್ ಕೇಳ್ಸ್ಲಿ."

ಅಷ್ಟುದ್ದದ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಕಸದ ಬುಟ್ಟಿಗೆ ಎಸೆಯುತ್ತಿದ್ದ ಮಗು, ತನ್ನಲ್ಲಿರುವ ಎಲ್ಲಕ್ಕಿಂತ ಒಳ್ಳೆಯದು ಇದೇ ಎಂದು ತೀರ್ಮಾನಿಸಿ, ಅದರಲ್ಲಿ ಅರ್ಧವನ್ನು ಹಂಚಿಬಿಟ್ಟಿತ್ತು. ಮಣ್ಣೋ ಗೊಬ್ಬರವೋ ನೋಡದೆ ನಾನು ಅಲ್ಲೇ ಕೂತು, ಅವಳನ್ನು ಎಳೆದು ಅಪ್ಪಿಕೊಂಡು ಅತ್ತೆ.

ಅವಳು ನನ್ನ ತೋಳಿನಿಂದ ಬಿಡಿಸಿಕೊಂಡಳು. ಅಂಗೈಯಲ್ಲಿದ್ದ ಮಷೀನನ್ನು ನೋಡಿದಳು, ಇನ್ನೂ ಮಂಡಿಯೂರಿಯೇ ಇದ್ದ ತಾತನನ್ನು ನೋಡಿದಳು.

"ತಾತಂಗೆ ಕೇಳ್ಸಲ್ಲ" ಎಂದಳು ನನಗೆ. ಮಕ್ಕಳು ಹೇಳುತ್ತಾರಲ್ಲ, ಮಳೆ ಬಂತು, ನಾಯಿ ಹೋಯ್ತು ಎಂದು, ಹಾಗೆ. ಆಮೇಲೆ ಅದನ್ನು ಅವರ ಕಿವಿಯ ಹಿಂದೆ ಸಿಕ್ಕಿಸಲು ಹೋದಳು. "ತಗೋ ತಾತ. ನಿಂಗೆ."

ಮಾವನವರು ಸುಮ್ಮನೆ ಕಿವಿ ಕೊಟ್ಟು ಕೂತಿದ್ದರು. ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಏನು ಸದ್ದು ಕಂಡಕ್ಟ್ರೇ, ನೀವು ಕೇಳಿ ಹೇಳಿ ಎಂದು ದಿನವೂ ಕೇಳುತ್ತಿದ್ದದ್ದು ಪಾಠವಾಗಿರಲಿಲ್ಲ, ನಾಟಕವಂತೂ ಅಲ್ಲವೇ ಅಲ್ಲ. ಆ ಮನುಷ್ಯನಿಗೆ ಉಯ್ಯಾಲೆಯ ಸದ್ದು ನಿಜವಾಗಿಯೂ ಕೇಳಿಸುತ್ತಿರಲಿಲ್ಲ. ಕೈಗೆ ಮಾತ್ರ ತಿಳಿಯುತ್ತಿತ್ತು. ಉಳಿದದ್ದನ್ನು ಕೇಳಿ ಹೇಳಲು ಅವರಿಗೆ ಮೊಮ್ಮಗಳು ಬೇಕಾಗಿದ್ದಳು. ಯಾರಿಗೋ ತಾನು ಬೇಕು ಎಂದು ತಿಳಿದದ್ದಕ್ಕೇ ಅವಳು ಮಷೀನು ಹಾಕಿಕೊಂಡಿದ್ದಳು. ನಾನು ಅವಳಿಗಾಗಿ ಹಾಕಿಕೋ ಎನ್ನುತ್ತಿದ್ದೆ, ಅವರು ತಮಗಾಗಿ ಕೇಳಿಕೊಂಡಿದ್ದರು.

"ಇದು ನಿಮ್ಮ ಕಿವಿ ಅಳತೇದು ಕಂಡಕ್ಟ್ರೇ, ನನಗೆ ಆಗಲ್ಲ" ಎಂದು ಮಾವನವರು ಅದನ್ನು ಅವಳ ಕೈಗೇ ಕೊಟ್ಟರು. ಅವಳು ತಾನೇ ತನ್ನ ಎಡಗಿವಿಗೆ ಹಾಕಿಕೊಂಡಳು. ಅಲ್ಲಿಯವರೆಗೆ ಯಾರೂ ಹೇಳದೆ ಒಂದು ದಿನವೂ ತಾನಾಗಿ ಹಾಕಿಕೊಂಡವಳಲ್ಲ.

ಮಷೀನು ವಾಪಸ್ಸು ತೆಗೆದುಕೊಂಡ ಮೇಲೆ ಸೀಟಿಗೆ ಬದಲು ಇನ್ನೇನಾದರೂ ಇಡಬೇಕಲ್ಲ? ಮಾವನವರು ಬೀಗದ ಕೈ ಗೊಂಚಲಿನಿಂದ ಇಷ್ಟು ವರ್ಷ ಜೋಪಾನವಾಗಿಟ್ಟಿದ್ದ ತಮ್ಮ ಡ್ರೈವರ್ ಬಿಲ್ಲೆ ಬಿಚ್ಚಿ ಡಬ್ಬಿಯೊಳಗೆ ಹಾಕಿದರು. ಮಗಳು ಕಾನೂನಿನ ಪ್ರಕಾರ ಮುಖ ತಿರುಗಿಸಿ ನಿಂತಿದ್ದಳು. ನಾನು ಮಾತ್ರ ಕದ್ದು ನೋಡಿಬಿಟ್ಟೆ.

ವಾಪಸ್ಸು ಬರುವಾಗ ನಾನು ಮೆಲ್ಲಗೆ ಬಾಯಿ ತೆರೆದೆ. "ಮಾವ, ನಾನು ಏನೇನೋ ಅಂದ್ಬಿಟ್ಟೆ..."

"ಕೇಳ್ಸಿಲ್ಲ ಬಿಡಮ್ಮ" ಎಂದರು. ನಾಲ್ಕು ಹೆಜ್ಜೆ ನಡೆದು, ಎಡಕ್ಕೂ ಬಲಕ್ಕೂ ನೋಡಿ, ರಸ್ತೆ ದಾಟಿದ ಮೇಲೆ ಹೇಳಿದರು: "ಆ ಕಿವಿ ಡಾಕ್ಟ್ರ ಹತ್ರ ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗು."

ಈಗ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ತಾತ ಮೊಮ್ಮಗಳು ಬಾಗಿಲ ಹತ್ತಿರ ತಯಾರಾಗಿ ನಿಂತಿರುತ್ತಾರೆ. ಅವಳು ಸೀಟಿಯನ್ನು ಕತ್ತಿಗೆ ನೇತುಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು ತಪಾಸಣೆ ಮಾಡುತ್ತಾಳೆ.

"ತಾತ, ಕಿವಿ?"

ಮಾವನವರು ಬಗ್ಗಿ, ಎರಡೂ ಕಿವಿ ತೋರಿಸುತ್ತಾರೆ. "ಹಾಕಿದ್ದೀನಿ ಕಂಡಕ್ಟ್ರೇ."

"ರೈಟ್ ರೈಟ್!"